ಮಳೆಗಾಲದಲ್ಲಿ ಆನ್‌ಲೈನ್ ಹಾರ್ಡ್‌ಕೋರ್ ಪಾಲಡಿನ್ ಬೇಡ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯಲ್ಲಿ ಕೂತು ಡಯಾಬ್ಲೋ 2 ರಿಸರೆಕ್ಟೆಡ್ ಎಂಬ ಕಂಪ್ಯೂಟರ್ ಆಟ ಆಡುವವರು ದಯವಿಟ್ಟು ಇದನ್ನು ಓದಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆನ್‌ಲೈನ್ ಹಾರ್ಡ್‌ಕೋರ್‌ನಲ್ಲಿ (ಒಮ್ಮೆ ಸತ್ತರೆ ಕ್ಯಾರೆಕ್ಟರ್ ಮತ್ತೆ ಆಡಲು ಬಾರದ ಬಗೆ) ಪಾಲಡಿನ್ ಎಂಬ ಯೋಧನನ್ನು ಕಟ್ಟಬೇಡಿ. ಕಾರವಾರ, ಕುಮಟಾದವರೂ ಗಾಳಿ ಎದ್ದ ದಿನ ಆ ಸಾಹಸಕ್ಕೆ ಹೋಗಬೇಡಿ.

ನನ್ನ ಪಾಲಡಿನ್ ಹೋಗಿದ್ದು ಕಳೆದ ಜುಲೈನಲ್ಲಿ, ಹೆಲ್ ಎಂಬ ಅತಿ ಕಷ್ಟದ ಹಂತದಲ್ಲಿ, ಕೇಯಾಸ್ ಸ್ಯಾಂಕ್ಚುರಿ ಎಂಬ ಜಾಗದಲ್ಲಿ. ಅಲ್ಲಿ ರಾಕ್ಷಸರನ್ನು ಹೊರತರುವ ಸೀಲ್ ಒತ್ತಿದ್ದೆ, ಲಾರ್ಡ್ ಡಿ ಸೀಸ್ ಎಂಬ ರಾಕ್ಷಸನ ಗುಂಪು ಹೊರಗೆ ಬಂದಿತ್ತು. ಅದೇ ಹೊತ್ತಿಗೆ ಎಲ್ಲೋ ಲೈನ್ ಮೇಲೆ ಮರ ಬಿತ್ತು. ಮನೆಯಲ್ಲಿ ಇನ್ವರ್ಟರ್ ಇದೆ, ಲ್ಯಾಪ್‌ಟಾಪ್ ಆರಲಿಲ್ಲ. ಆದರೆ ಇನ್ವರ್ಟರ್ ಕರೆಂಟ್ ಹಿಡಿಯುವ ಆ ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಶುರುವಾಯಿತು. ಅಷ್ಟೇ ಸಾಕಾಯಿತು. ಒಳಗೆ ಹೋಗಿ ನೋಡಿದರೆ ಪಟ್ಟಿಯಲ್ಲಿ ಹೆಸರಿತ್ತು, ಆದರೆ ಪಾಲಡಿನ್ ಸತ್ತಿದ್ದ, ಆಡಲು ಬರಲಿಲ್ಲ. ಒಬ್ಬನೇ ಆಡುತ್ತಿದ್ದೆ, ಎತ್ತಿಕೊಳ್ಳುವವರಿಲ್ಲದೆ ಮೈಮೇಲಿನ ಸಾಮಾನೂ ಹೋಯಿತು. ಅವತ್ತು ರಾತ್ರಿ ನಿಜಕ್ಕೂ ನಿದ್ದೆ ಬರಲಿಲ್ಲ.

ಇದು ಪಾಲಡಿನ್‌ಗೇ ಜಾಸ್ತಿ ಅಪಾಯ ಯಾಕೆ ಅಂದರೆ, ನಮ್ಮಲ್ಲಿ ಹೆಚ್ಚಿನವರು ಕಟ್ಟುವುದು ಹ್ಯಾಮರ್‌ಡಿನ್, ಅಂದರೆ ಸುತ್ತಿಗೆ ಎಸೆಯುವ ಪಾಲಡಿನ್. ಬ್ಲೆಸ್ಡ್ ಹ್ಯಾಮರ್, ಕಾನ್ಸಂಟ್ರೇಶನ್, ವಿಗರ್, ಬ್ಲೆಸ್ಡ್ ಏಮ್, ಈ ನಾಲ್ಕು ಕೌಶಲಕ್ಕೂ 20 ಪಾಯಿಂಟ್. ಆ ಸುತ್ತಿಗೆ ನೇರ ಹೋಗುವುದಿಲ್ಲ, ನಮ್ಮ ಸುತ್ತ ತಿರುಗುತ್ತಾ ಹೊರಗೆ ಹರಡುತ್ತದೆ. ಹಾಗಾಗಿ ಪೆಟ್ಟು ಸರಿಯಾಗಿ ಬೀಳಬೇಕಾದರೆ ಗುಂಪಿನ ಮಧ್ಯಕ್ಕೇ ನುಗ್ಗಿ ನಿಲ್ಲಬೇಕು. ಮಾಟಗಾತಿ ಸಾರ್ಸರೆಸ್ ದೂರದಿಂದ ಹೊಡೆದು ಜಾಗ ಬದಲಿಸುತ್ತಾಳೆ, ಪಾಲಡಿನ್‌ಗೆ ಆ ಅನುಕೂಲ ಇಲ್ಲ. ನೆಟ್ ಹೋದ ಮೇಲೂ ಕ್ಯಾರೆಕ್ಟರ್ ಸ್ವಲ್ಪ ಹೊತ್ತು ಆಟದೊಳಗೇ ಇರುತ್ತದೆ. ಪೋಶನ್ ಕುಡಿಯುವವರಿಲ್ಲ, ಓಡಿಸುವವರಿಲ್ಲ. ಸುತ್ತ ಇರುವವು ಹೊಡೆಯುತ್ತಲೇ ಇರುತ್ತವೆ.

ಒಳ್ಳೆಯ ಗುರಾಣಿ ಕಾಪಾಡುತ್ತದೆ ಅಂತ ನಂಬಬೇಡಿ. ಪಾಲಡಿನ್ ಗುರಾಣಿಯಲ್ಲಿ ಎಲ್ಲ ರೆಸಿಸ್ಟೆನ್ಸ್ (ಬೆಂಕಿ, ಮಿಂಚು ಮುಂತಾದ ಪೆಟ್ಟು ತಡೆಯುವ ಶಕ್ತಿ) 45ರವರೆಗೆ ಸಿಗುತ್ತದೆ, ನಿಜ. ಆದರೆ ಹೆಲ್‌ನಲ್ಲಿ 100 ಕಳೆಯುತ್ತಾರೆ, ಮೇಲಿನ ಮಿತಿ ಸಾಮಾನ್ಯವಾಗಿ 75. ಹೋಲಿ ಶೀಲ್ಡ್ ಕೌಶಲ ಹಾಕಿ ಬ್ಲಾಕ್ (ಗುರಾಣಿ ಪೆಟ್ಟು ತಡೆಯುವ ಸಾಧ್ಯತೆ) 75ಕ್ಕೆ ತಂದರೂ ಮ್ಯಾಜಿಕ್ ಪೆಟ್ಟಿಗೆ ಬ್ಲಾಕ್ ಲೆಕ್ಕಕ್ಕೇ ಬರುವುದಿಲ್ಲ. ಜಾ, ಬೇರ್ ಎಂಬ ಅಪರೂಪದ ರೂನ್ ಕಲ್ಲು ಕೂಡಿಹಾಕಿ, ಕ್ಷಣದಲ್ಲಿ ಜಾಗ ಬದಲಿಸಲು (ಟೆಲಿಪೋರ್ಟ್) ಬಿಡುವ ಎನಿಗ್ಮಾ ಕವಚ ಮಾಡಿಕೊಂಡರೂ ಅಷ್ಟೇ. ಟೆಲಿಪೋರ್ಟ್ ಒತ್ತಲು ಕೈಯಲ್ಲಿ ನೆಟ್ ಇರಬೇಕಲ್ವಾ? ದೂರು ಕೊಟ್ಟೂ ಉಪಯೋಗವಿಲ್ಲ. ಲೈನ್ ಹೋಗಿ ಸತ್ತರೂ ಹಾರ್ಡ್‌ಕೋರ್ ಸಾವು ಸಾವೇ.

ನಮ್ಮ ಕಡೆ ಫೈಬರ್ ಬರುವುದೇ ಕಂಬದಿಂದ ಕಂಬಕ್ಕೆ. ಕಂಬ ಬಿದ್ದರೆ ಕರೆಂಟ್, ನೆಟ್ ಎರಡೂ ಹೋಗುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ ಅನ್ನುವವರು ಘಟ್ಟದ ಊರುಗಳನ್ನು ನೆನಪಿಸಿಕೊಳ್ಳಿ. ಟವರ್‌ನ ಬ್ಯಾಟರಿ ಇಳಿದ ಮೇಲೆ ಸಿಗ್ನಲ್ ಎಲ್ಲಿ?

ಹಾರ್ಡ್‌ಕೋರ್ ಬೇಕೇ ಬೇಕು ಅನ್ನುವವರು ಮಳೆಗಾಲದಲ್ಲಿ ಆಫ್‌ಲೈನ್ ಆಡಿ. ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಆಟ ನಿಲ್ಲಿಸಿ ಎದ್ದು ಹೋಗಬಹುದು, ನೆಟ್ ಹೋದರೂ ಪಾಲಡಿನ್‌ಗೆ ಏನೂ ಆಗಲ್ಲ. ಆ ಕ್ಯಾರೆಕ್ಟರನ್ನು ಆಮೇಲೆ ಆನ್‌ಲೈನ್‌ಗೆ ತರಲು ಆಗುವುದಿಲ್ಲ, ಲ್ಯಾಡರ್ ಎಂಬ ಆನ್‌ಲೈನ್ ಶ್ರೇಯಾಂಕ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಅದು ಬೇಸರದ ಸಂಗತಿ, ಒಪ್ಪುತ್ತೇನೆ. ಲ್ಯಾಡರ್ ಬಿಡಲಾಗದವರು ಸತ್ತರೂ ಕ್ಯಾರೆಕ್ಟರ್ ಉಳಿಯುವ ಸಾಫ್ಟ್‌ಕೋರ್‌ಗೆ ಹೋಗಿ. ಅಲ್ಲಿ ಹೆಲ್‌ನಲ್ಲಿ ಸತ್ತರೆ ಎಕ್ಸ್‌ಪೀರಿಯನ್ಸ್ ಕಡಿತ ಆಗುತ್ತದೆ, ಹೆಣ ಎತ್ತಿದರೆ ಅದರಲ್ಲಿ ಮುಕ್ಕಾಲು ಭಾಗ ವಾಪಸ್ ಬರುತ್ತದೆ.

ರೂಟರ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿಸಿ. ಇನ್ವರ್ಟರ್ ಇದ್ದರೂ ಹಾಕಿಸಿ. ಕಂಬ ಬಿದ್ದರೆ ಅದರಿಂದ ಪ್ರಯೋಜನವಿಲ್ಲ, ಕರೆಂಟ್ ಬಂದು ಹೋಗುವ ದಿನಗಳಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ದೀಪ ಒಮ್ಮೆ ಮಿನುಗಿದರೂ ಸಾಕು, ಟೌನ್ ಪೋರ್ಟಲ್ ತೆಗೆದು ಆಟದೊಳಗಿನ ಊರಿಗೆ ಬನ್ನಿ, ಸೇವ್ ಮಾಡಿ ಹೊರಗೆ ಬನ್ನಿ. ಉಳಿದ ಸೀಲ್‌ಗಳನ್ನು ನಾಳೆ ಒತ್ತಬಹುದು.