ಲಂಟಾನ: ಕಡಿಯೋದಾ, ಕೀಳೋದಾ, ಔಷಧಿ ಹಾಕೋದಾ?

ಬಾಣೆಯಲ್ಲಿ, ಅಂದರೆ ತೋಟ-ಗದ್ದೆಗೆ ಸೇರಿದ ಮರ, ಹುಲ್ಲಿನ ಜಾಗದಲ್ಲಿ, ಲಂಟಾನ ಕಳೆ ತುಂಬಿದೆ ಎಂದರೆ ಸಾಕು, ಎಲ್ಲರದ್ದೂ ಒಂದೇ ಮಾತು: ಕಳೆ ಸಾಯಿಸುವ ಔಷಧಿ ಹೊಡೆಸಿಬಿಡಿ. ಕೊಡಗಿನಲ್ಲಿ ನಮ್ಮ ಕಾಫಿ ತೋಟದ ಮೇಲಿರುವ ಬಾಣೆಯಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಮಾಡಿ ನೋಡಿದೆ. ನನ್ನ ಅಭಿಪ್ರಾಯ ಇಷ್ಟು: ಔಷಧಿ ಬೇಕಾಗುತ್ತದೆ, ಆದರೆ ಬ್ರಷ್‌ನಲ್ಲಿ, ಪಂಪಿನಲ್ಲಿ ಅಲ್ಲ. ಅದೂ ಎಲ್ಲ ಕಡೆ ಬೇಕಿಲ್ಲ.

ಬರೀ ಕತ್ತಿಯಲ್ಲಿ ಸವರುವುದರ ಬಗ್ಗೆ ಹೇಳುವುದೇನಿಲ್ಲ. ಖರ್ಚು ಕಡಿಮೆ, ಮುಂದಿನ ಮಳೆಗೆ ಒಂದು ಕೊಂಬೆ ಇದ್ದಲ್ಲಿ ಹತ್ತು ಚಿಗುರು.

ಎಲೆಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಸಿದ ಭಾಗ ಶುರುವಿನಲ್ಲಿ ಉಳಿದೆಲ್ಲಕ್ಕಿಂತ ಚೆನ್ನಾಗಿ ಕಂಡಿತು. ಇದು ಎಲೆಯಿಂದ ಒಳಗೆ ಹೋಗಿ ಬೇರಿಗೆ ಇಳಿಯುವ ಔಷಧಿ, ಹಾಗಾಗಿ ಗಿಡ ಚೆನ್ನಾಗಿ ಬೆಳೆಯುತ್ತಿರಬೇಕು. ಬೇಸಿಗೆಯಲ್ಲಿ ಬಾಡಿದ, ಧೂಳು ಕೂತ ಎಲೆಗೆ ಹೊಡೆದರೆ ಸುಮ್ನೆ ದುಡ್ಡು ದಂಡ. ಆಳೆತ್ತರದ ಮೆಳೆಗೆ ಹೊಡೆಯುವುದೂ ಕಷ್ಟ, ಮೊದಲು ಸವರಿ, ಚಿಗುರು ಮೊಣಕಾಲೆತ್ತರ ಬಂದ ಮೇಲೆ ಹೊಡೆಯಬೇಕು, ಅಂದರೆ ಕೂಲಿ ಎರಡು ಸಲ. ನೀರು ತಿಳಿಯಾಗಿರಬೇಕು, ತೋಡಿನ ಕೆಸರು ನೀರಿನಲ್ಲಿ ಬೆರೆಸಿದರೆ ಔಷಧಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅದು ಮುಟ್ಟಿದ್ದನ್ನೆಲ್ಲ ಸಾಯಿಸುತ್ತದೆ. ಮೆಳೆಯ ಅಡಿಯಲ್ಲಿ ತಾವಾಗಿ ಹುಟ್ಟಿದ್ದ ಹೊನ್ನೆ, ನಂದಿ ಸಸಿಗಳು ಹೋದವು, ಹುಲ್ಲೂ ಹೋಯಿತು. ಬೋಳಾದ ಜಾಗಕ್ಕೆ ಕಮ್ಯುನಿಸ್ಟ್ ಗಿಡ ಎಂಬ ಇನ್ನೊಂದು ಕಳೆ ಬಂದು ಕೂತಿತು. ಇದಕ್ಕೆ ಲಂಟಾನವೇ ವಾಸಿ ಅಲ್ವಾ?

ಬ್ರಷ್ ವಿಧಾನದಲ್ಲಿ ಬುಡವನ್ನು ನೆಲಮಟ್ಟಕ್ಕೆ ಕಡಿದು ಕೂಡಲೇ ಕೂಳೆಗೆ ಅದೇ ಔಷಧಿ ಹಚ್ಚುತ್ತಾರೆ. ಕೂಡಲೇ ಅಂದರೆ ಕೆಲವೇ ನಿಮಿಷಗಳಲ್ಲಿ. ಬೆಳಿಗ್ಗೆ ಕಡಿದು ಊಟ ಮುಗಿಸಿ ಹಚ್ಚೋಣ ಎಂದರೆ ಕಡಿದ ಜಾಗ ಒಣಗಿ ಒಳಗೆ ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಕತ್ತಿ ಹಿಡಿದವರ ಬೆನ್ನ ಹಿಂದೆಯೇ ಬ್ರಷ್ ಹಿಡಿದವರು ಇರಬೇಕು. ಇಡೀ ಕೂಳೆಗೆ ಸುರಿಯುವುದು ಬೇಡ. ತೊಗಟೆಯ ಒಳಗಿನ ಹಸಿ ಉಂಗುರಕ್ಕೆ ತಾಗಿದರೆ ಸಾಕು, ಬೇರಿಗೆ ಒಯ್ಯುವುದು ಅದೇ. ಸ್ವಲ್ಪ ಬಣ್ಣ ಬೆರೆಸಿಕೊಂಡರೆ ಯಾವುದಕ್ಕೆ ಹಚ್ಚಿದೆ, ಯಾವುದು ಬಿಟ್ಟಿದೆ ಎಂದು ಗೊತ್ತಾಗುತ್ತದೆ. ಪಕ್ಕದ ಸಸಿಗಳು ಉಳಿದವು, ಔಷಧಿಯೂ ಬಹಳ ಕಡಿಮೆ ಹಿಡಿಯಿತು.

ಆದರೂ ನನ್ನ ಮೊದಲ ಆಯ್ಕೆ ಬೇರು ಕತ್ತರಿಸಿ ಕೀಳುವುದು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಇದು. ತಾಯಿಬೇರನ್ನು ಮಣ್ಣಿನ ಕೆಳಗೆ 3ರಿಂದ 5 ಸೆಂ.ಮೀ. ಆಳದಲ್ಲಿ ಕತ್ತರಿಸಿ, ಇಡೀ ಮೆಳೆಯನ್ನು ಎತ್ತಿ ಬುಡ ಮೇಲಾಗಿ ಇಡಬೇಕು. ಚಿಗುರು ಒಡೆಯುವುದು ಕಾಂಡ ಮತ್ತು ಬೇರು ಸೇರುವ ಜಾಗದಿಂದ. ಅದು ಮಣ್ಣಿಗೆ ತಾಗದೆ ಒಣಗಿದರೆ ಕತೆ ಮುಗಿಯಿತು. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಬೇಗ ಬರುತ್ತದೆ. ಕೂಲಿ ಜಾಸ್ತಿ, ನಿಜ. ಬಂಡೆಗಳ ಸಂದಿಯಲ್ಲಿ, ದೊಡ್ಡ ಮರದ ಬೇರುಗಳ ನಡುವೆ ಪಿಕಾಸಿ ಹೋಗುವುದೇ ಇಲ್ಲ. ಅಲ್ಲಿಗೆ ಮಾತ್ರ ಬ್ರಷ್.

2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ ಗ್ಲೈಫೋಸೇಟನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕವೇ ಬಳಸಬೇಕು ಎಂದಿದೆ. ನಾನೂ ಲೈಸೆನ್ಸ್ ಇದ್ದವರಿಂದಲೇ ಮಾಡಿಸಿದ್ದು. ಬೇಲಿಯಾಚೆ ಅರಣ್ಯ ಇಲಾಖೆಯ ಕಾಡಿದ್ದರೆ ಆ ಕಡೆ ಔಷಧಿ ಒಯ್ಯಲೇಬೇಡಿ.

ಇನ್ನು ಬೀಜ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಮರದ ಮೇಲೆ ಕೂರುತ್ತವೆ, ಆ ಮರದ ಕೆಳಗೇ ಹೊಸ ಸಸಿಗಳ ಗುಂಪು ಏಳುತ್ತದೆ. ಮೇಲೆ ಹೇಳಿದ ಯಾವ ವಿಧಾನವೂ ಇದನ್ನು ತಡೆಯುವುದಿಲ್ಲ. ಮಳೆ ಶುರುವಾದ ಮೇಲೆ ಮೊದಲು ಮರಗಳ ಕೆಳಗೆ ನೋಡಿ, ಗೇಣುದ್ದ ಇರುವಾಗ ಕೈಯಲ್ಲೇ ಬರುತ್ತವೆ.