ಅಮ್ಮನ ಕೈಗೆ ರಿಮೋಟ್ ಕೊಟ್ಟಾಗ: ನ್ಯಾಟ್ ಜಿಯೊ ಪೀಪಲ್, ಟಿಎಲ್‌ಸಿ, ಎನ್‌ಎಚ್‌ಕೆ

2019ರಲ್ಲಿ ಅಮ್ಮ ಹಾಸನದಿಂದ ಸಿಂಗಪುರಕ್ಕೆ ಬಂದು ಒಂದು ತಿಂಗಳು ನಮ್ಮ ಜೊತೆ ಇದ್ದಳು. ನಾವಿಬ್ಬರೂ ಬೆಳಗ್ಗೆ ಹೊರಟರೆ ಬರುವುದು ಸಂಜೆಗೆ. ನಮ್ಮ ಪ್ಯಾಕಿನಲ್ಲಿ ಕನ್ನಡ ಚಾನೆಲ್ ಇರಲಿಲ್ಲ. ಊರೂರಿನ ಜನರನ್ನು ತೋರಿಸುವ ಮೂರು ಚಾನೆಲ್‌ಗಳ ನಂಬರನ್ನು ಚೀಟಿಯಲ್ಲಿ ಬರೆದು ರಿಮೋಟ್‌ಗೆ ಅಂಟಿಸಿ ಹೋಗುತ್ತಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಮಾತು ತಿಳಿಯದಿದ್ದರೂ ಯಾವ ಚಾನೆಲ್ ಮನಸ್ಸಿಗೆ ಮುಟ್ಟುತ್ತದೆ ಅಂತ ಪರೀಕ್ಷೆ ಮಾಡಲು ಅದೇ ಅನುಕೂಲವಾಯಿತು.

ಪ್ಯಾಕ್ ಹಾಕಿಸಿದ್ದೇ ನ್ಯಾಷನಲ್ ಜಿಯೊಗ್ರಾಫಿಕ್‌ನವರ ನ್ಯಾಟ್ ಜಿಯೊ ಪೀಪಲ್‌ಗಾಗಿ. 2014ರಲ್ಲಿ ನ್ಯಾಟ್ ಜಿಯೊ ಅಡ್ವೆಂಚರ್ ಹೋಗಿ ಆ ಜಾಗಕ್ಕೆ ಬಂದ ಚಾನೆಲ್ ಇದು. ಬೆಟ್ಟ ಹತ್ತುವುದು ಕಮ್ಮಿಯಾಗಿ ಊಟ, ಊರು, ಕಸುಬು ಜಾಸ್ತಿಯಾಯಿತು. ಚಿತ್ರ ಕಣ್ಣಿಗೆ ಹಬ್ಬ. ಒಂದೇ ಸಂಜೆ ನಾಲ್ಕು ದೇಶ ಸುತ್ತಿ ಬರಬಹುದಿತ್ತು. ಆದರೆ ಹೆಸರಿನಲ್ಲಿ ‘ಪೀಪಲ್’ ಇದ್ದರೂ ತೆರೆ ತುಂಬ ಇರುತ್ತಿದ್ದವನು ನಿರೂಪಕನೇ. ಇಟಲಿ ಮೂಲದ ಕೆನಡಾ ಅಡುಗೆಗಾರ ಡೇವಿಡ್ ರೊಕ್ಕೊ ಇಂಡಿಯಾ ಸುತ್ತುವ ಸರಣಿ ನೋಡುತ್ತಾ ಅಮ್ಮ ಕೇಳಿದಳು: “ಇವ್ನು ತಿಂತಾನೆ, ತಲೆ ಆಡಿಸ್ತಾನೆ. ಮಾಡಿದೋಳು ಎಲ್ಲಿ ಹೋದ್ಲೋ?” ಅವಳು ಹೇಳುವವರೆಗೂ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಟಿಎಲ್‌ಸಿ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ನಮಗೆ ಅದು ಮೊದಲು ಡಿಸ್ಕವರಿ ಟ್ರಾವೆಲ್ ಅಂಡ್ ಲಿವಿಂಗ್, 2010ರಲ್ಲಿ ಹೆಸರು ಬದಲಾಯಿತು. ಅಮೆರಿಕದಲ್ಲಿ ಇದರ ಬೇರು ನಾಸಾ ಕೈಜೋಡಿಸಿದ್ದ ಪಾಠದ ಚಾನೆಲ್ ಅಂದರೆ ಈಗ ಯಾರೂ ನಂಬಲ್ಲ. ಊರೂರು ಸುತ್ತಿ ತಿನ್ನುವ ಅಮೆರಿಕದ ಅಡುಗೆಗಾರ ಆಂಟನಿ ಬೋರ್ಡೇನ್ ಇರುವಷ್ಟು ಹೊತ್ತು ಚಾನೆಲ್ ಚೆನ್ನ. ಅವನೂ ತಿನ್ನುವವನೇ, ಆದರೆ ಎದುರಿಗಿದ್ದವರ ಮಾತು ಕೇಳುತ್ತಿದ್ದ. ಅವನು ಮುಗಿದ ತಕ್ಷಣ ಮದುವೆ ಗೌನು, ಕೇಕು. ಅಮ್ಮ ಅಷ್ಟರಲ್ಲಿ ಸೊಪ್ಪು ಬಿಡಿಸುವುದಕ್ಕೆ ಎದ್ದಿರುತ್ತಿದ್ದಳು.

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಇಂಗ್ಲಿಷ್ ಚಾನೆಲ್ ಎನ್‌ಎಚ್‌ಕೆ ವರ್ಲ್ಡ್ ಅನ್ನು ಸುಮ್ನೆ ಚೀಟಿಯ ಕೊನೆಯಲ್ಲಿ ಬರೆದಿದ್ದೆ. ಅದರಲ್ಲಿ ‘ಡಾಕ್ಯುಮೆಂಟ್ 72 ಅವರ್ಸ್’ ಅಂತ ಬರುತ್ತದೆ. ಒಂದೇ ಜಾಗದಲ್ಲಿ ಮೂರು ದಿನ ಕ್ಯಾಮೆರಾ ಇಡುತ್ತಾರೆ, ಬಂದುಹೋಗುವವರನ್ನು ಮಾತಾಡಿಸುತ್ತಾರೆ. ನಿರೂಪಕನ ಮುಖವೇ ಇಲ್ಲ. ಉತ್ತರ ಜಪಾನಿನ ಅಕಿತಾ ಬಂದರಿನ ಹತ್ತಿರ ಒಂದು ಹಳೇ ಮೆಷಿನ್ ಇದೆ. ನಾಣ್ಯ ಹಾಕಿದರೆ ಬಿಸಿ ಸಾರಿನಲ್ಲಿ ಉಡಾನ್ ನೂಡಲ್ಸ್ ಬರುತ್ತದೆ. ಚಳಿಗಾಲದಲ್ಲಿ ಅದರ ಮುಂದೆ ತೆಗೆದ ಕಂತಿನಲ್ಲಿ ಆಗುವುದು ಇಷ್ಟೇ: ಜನ ಬರುತ್ತಾರೆ, ಬಟ್ಟಲು ಹಿಡಿದು ಉಫ್ ಅಂತ ಊದಿ ತಿನ್ನುತ್ತಾರೆ, ತಮ್ಮ ಪಾಡು ನಾಲ್ಕು ಮಾತು ಹೇಳಿ ಹೋಗುತ್ತಾರೆ. ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ಪೂರ್ತಿ ನೋಡಿದಳು. ಕಾಫಿ ಆರಿತ್ತು. “ಪಾಪ, ಮನೇಲಿ ಯಾರೂ ಇಲ್ವೇನೋ,” ಅಂದಳು. ಭಾಷೆ ಗೊತ್ತಿಲ್ಲ, ಕಥೆ ಗೊತ್ತಾಗಿದೆ!

ಎನ್‌ಎಚ್‌ಕೆಗೂ ಕೊರತೆ ಇದೆ. ಮುಕ್ಕಾಲು ಪಾಲು ಜಪಾನೇ. ಆಫ್ರಿಕಾದ ಸಂತೆ, ಪೆರುವಿನ ಬೆಟ್ಟದ ಊರು ಬೇಕು ಅಂದರೆ ನ್ಯಾಟ್ ಜಿಯೊ ಪೀಪಲ್ ಕಡೆಗೇ ಹೋಗಬೇಕಿತ್ತು. ಚಿತ್ರದ ಸೊಗಸಿನಲ್ಲೂ ಅದೇ ಮುಂದು. ಆದರೂ ನನ್ನ ಮಾರ್ಕ್ಸ್ ಎನ್‌ಎಚ್‌ಕೆಗೆ. ಅದಕ್ಕೆ ಕಾಯುವ ತಾಳ್ಮೆ ಇದೆ.

ಆಮೇಲೆ ಆಯ್ಕೆಯ ಪ್ರಶ್ನೆಯೇ ಉಳಿಯಲಿಲ್ಲ. ನ್ಯಾಟ್ ಜಿಯೊ ಪೀಪಲ್ ನಡೆಸುತ್ತಿದ್ದ ಫಾಕ್ಸ್ ಕಂಪನಿಯ ಆಸ್ತಿ ಡಿಸ್ನಿ ಕೈಗೆ ಹೋಗಿತ್ತು. 2021ರ ಅಕ್ಟೋಬರ್ 1ಕ್ಕೆ ಆಗ್ನೇಯ ಏಷ್ಯಾದಲ್ಲಿ 18 ಚಾನೆಲ್ ಮುಚ್ಚಿದರು, ಅದರಲ್ಲಿ ನ್ಯಾಟ್ ಜಿಯೊ ಪೀಪಲ್ ಕೂಡ ಒಂದು. ಯಾವ ಚಾನೆಲ್‌ಗಾಗಿ ಪ್ಯಾಕ್ ಹಾಕಿಸಿದ್ದೆನೋ ಅದೇ ಹೋಯಿತು, ಬಿಲ್ಲು ಮಾತ್ರ ಒಂದು ಡಾಲರೂ ಇಳಿಯಲಿಲ್ಲ. ಫೋನ್ ಮಾಡಿದರೆ ಕರಾರು ಮುಗಿಯಲಿ ಅಂದರು. ಮುಗಿದ ದಿನವೇ ಡಬ್ಬ ವಾಪಸ್ ಕೊಟ್ಟು ಬಂದೆ.

ಎನ್‌ಎಚ್‌ಕೆ ವರ್ಲ್ಡ್ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದೇನೆ. ಹೋದ ಭಾನುವಾರ ಫೋನ್ ಮಾಡಿ, ಆ ಹಿಮದೂರಿನ ಸಾರಿನ ಡಬ್ಬಿ ಎಷ್ಟು ಹುಡುಕಿದರೂ ಸಿಗ್ತಿಲ್ಲ ಅಂತ ದೂರು ಹೇಳಿದಳು.