ಅನುದಾನ ಹುಡುಕಿಕೊಡುವ ಸೇವೆ: ಇಮೇಲಿಗೆ ಒಂದು ನಕ್ಷತ್ರ, ಫೋನಿಗೆ ಐದು

ನಾನು ಹುಕ್ಕೇರಿ ತಾಲೂಕಿನವನು. ನಮ್ಮ ಮನೆಗೆ ಕರೆಂಟು ಕೊಡುತ್ತಿದ್ದದ್ದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅಪ್ಪ ಅದರ ಸದಸ್ಯರು. ಈಗ ನಾನು ಲೆಕ್ಕ ಬರೆಯುವುದೂ ಅಂಥದ್ದೇ ಜಾಗದಲ್ಲಿ: ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಂದು ಪುಟ್ಟ ಪಟ್ಟಣದ ಸ್ವಂತ ವಿದ್ಯುತ್ ವಿಭಾಗ. 1,900 ಮೀಟರು, ನಾಲ್ಕು ಜನ ಲೈನ್‌ಮನ್‌ಗಳು. ಅನುದಾನದ ಅರ್ಜಿ ಬರೆಯಲು ಬೇರೆ ಆಳಿಲ್ಲ. ಅದಕ್ಕೇ ಸರ್ಕಾರಿ ಅನುದಾನ ಹುಡುಕಿಕೊಡುವ ಈ ಸೇವೆಗೆ ವರ್ಷದ ಚಂದಾ ಕಟ್ಟಿದೆವು.

ಮೊದಲ ಮೂರು ತಿಂಗಳು ದುಡ್ಡು ನೀರಿಗೆ ಹಾಕಿದೆವೆಂದೇ ಅಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಇಮೇಲ್. ವಿಮಾನ ನಿಲ್ದಾಣದ ಅನುದಾನ, ಗ್ರಂಥಾಲಯದ ಅನುದಾನ, ಒಮ್ಮೆ ಮೀನುಗಾರಿಕೆಯದ್ದೂ ಬಂತು. ಸಮುದ್ರ ಇಲ್ಲಿಂದ ನೂರಾರು ಮೈಲಿ ದೂರ! ವಿದ್ಯುತ್ತಿನದ್ದು ಅಂತ ಬಂದರೆ 2021ರ ಮೂಲಸೌಕರ್ಯ ಕಾಯ್ದೆಯಡಿ ವಿದ್ಯುತ್ ಜಾಲ ಗಟ್ಟಿ ಮಾಡಲು ಇಟ್ಟ 1,050 ಕೋಟಿ ಡಾಲರಿನ ಗ್ರಿಪ್ ಯೋಜನೆ. ಅಲ್ಲಿ ಪೈಪೋಟಿ ಇಡೀ ದೇಶದ ದೊಡ್ಡ ಕಂಪನಿಗಳ ಜೊತೆ. ನಮ್ಮ ಕೈಲಾಗುವ ಮಾತಲ್ಲ.

ನಾಲ್ಕನೇ ತಿಂಗಳು ಸಿಟ್ಟಿನಲ್ಲೇ ಫೋನ್ ಮಾಡಿದೆ. ಎತ್ತಿದ್ದು ವಯಸ್ಸಾದ ಒಬ್ಬ ಹೆಂಗಸು. ನನ್ನ ದೂರೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ವರ್ಷಕ್ಕೆ ಎಷ್ಟು ಮೆಗಾವ್ಯಾಟ್-ಅವರ್ ಮಾರುತ್ತೀರಿ?" (ಒಂದು ಮೆಗಾವ್ಯಾಟ್-ಅವರ್ ಅಂದರೆ ಸಾವಿರ ಯೂನಿಟ್ ಕರೆಂಟು.)

ಆ ಪ್ರಶ್ನೆ ಯಾಕೆಂದು ಅವರೇ ಬಿಡಿಸಿ ಹೇಳಿದರು. ಅದೇ 2021ರ ಕಾಯ್ದೆಯ 40101(ಡಿ) ಎಂಬ ಕಲಮಿನ ಹಣವನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೂ ಮೂಲನಿವಾಸಿ ಬುಡಕಟ್ಟುಗಳಿಗೂ ಸೂತ್ರದ ಪ್ರಕಾರ ಹಂಚುತ್ತದೆ. ನಮ್ಮಂಥವರು ಕೇಳಬೇಕಾದದ್ದು ರಾಜ್ಯದ ಹತ್ತಿರ. ನಾನೋ ಕೇಂದ್ರದ ಅನುದಾನಗಳ ಜಾಲತಾಣ ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಕೂತು ಜರಡಿ ಹಿಡಿಯುತ್ತಿದ್ದೆ! ಪಡೆಯುವವರು ಅನುದಾನದಷ್ಟೇ ಮೊತ್ತವನ್ನು ಕೈಯಿಂದ ಹಾಕಬೇಕು. ಆದರೆ ವರ್ಷದ ಮಾರಾಟ 40 ಲಕ್ಷ ಮೆಗಾವ್ಯಾಟ್-ಅವರ್ ದಾಟದಿದ್ದರೆ ಮೂರರಲ್ಲೊಂದು ಪಾಲು ಸಾಕು. 3 ಲಕ್ಷ ಡಾಲರಿನ ಅನುದಾನಕ್ಕೆ ನಾವು ಹಾಕುವುದು 1 ಲಕ್ಷ. ನಮ್ಮ ಮಾರಾಟ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹಳೇ ತಂತಿ ಬದಲಿಸುವುದು, ಕಂಬ ನೋಡಿಕೊಳ್ಳುವುದು, ಮರದ ಕೊಂಬೆ ಕಡಿಯುವುದು ಎಲ್ಲಕ್ಕೂ ಈ ಹಣ ಆಗುತ್ತದಂತೆ. ಹೊಸ ವಿದ್ಯುತ್ ಸ್ಥಾವರಕ್ಕೆ, ಸೈಬರ್ ಸುರಕ್ಷತೆಗೆ ಆಗದು. ನಲವತ್ತು ನಿಮಿಷ ಹೇಳಿಕೊಟ್ಟರು, ನಾನು ಬಿಲ್ಲಿನ ಹಿಂಬದಿಯಲ್ಲೇ ಬರೆದುಕೊಂಡೆ. ತಂತಿಯ ಮೇಲೆ ಬಿದ್ದು ಹೆಪ್ಪುಗಟ್ಟುವ ಮಳೆಗೆ ವರ್ಷ ವರ್ಷ ಹರಿದು ಬೀಳುವ ತಾಮ್ರದ ತಂತಿಯ ಲೈನಿಗೇ ಅರ್ಜಿ ಹಾಕಿದ್ದೇವೆ.

ಒಂದು ಎಚ್ಚರಿಕೆ. ಕೇಂದ್ರದ ಅನುದಾನ ಬೇಕಾದವರು ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ ಸ್ಯಾಮ್ ಡಾಟ್ ಗವ್. ಅಲ್ಲಿ ನೋಂದಣಿ ಮಾಡಿಸಿಕೊಡುತ್ತೇವೆಂದು ಈ ಸೇವೆಯವರು ಬೇರೆ ಶುಲ್ಕ ಕೇಳುತ್ತಾರೆ. ಕೊಡಬೇಡಿ. ಆ ನೋಂದಣಿ ಪುಕ್ಕಟೆ, ಹನ್ನೆರಡು ಅಕ್ಷರದ ಗುರುತಿನ ಸಂಖ್ಯೆಯೂ ಅಲ್ಲೇ ಸಿಗುತ್ತದೆ. ಆದರೆ ಕೊನೇ ವಾರಕ್ಕೆ ಬಿಟ್ಟುಕೊಳ್ಳಬೇಡಿ, ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ವಾಪಸ್ ಬರುತ್ತದೆ. ನನಗೆ ಎರಡು ಸಲ ಬಂತು.

ಚಂದಾ ನವೀಕರಿಸುವುದಿಲ್ಲ. ಆ ಹೆಂಗಸೊಬ್ಬರೇ ಗಂಟೆ ಲೆಕ್ಕದಲ್ಲಿ ಸಿಗುವುದಾದರೆ ಇವತ್ತೇ ಚೆಕ್ ಬರೆಯುತ್ತೇನೆ.